ಒಡೆದ ಹಡಗಿನ ಹಲಗೆಯ ಗುಡಿಸಲು

ಮನೆಗೆ ಮರವನ್ನು ತರುವಾಗ ಅದು ಯಾವ ಜಾತಿಯದು, ಎಲ್ಲಿ ಕಡಿದದ್ದು ಎಂದು ವಿಚಾರಿಸುವುದು ನಮ್ಮ ಗೃಹಸ್ಥರ ರೂಢಿ. ಸಿಡಿಲು ಬಡಿದ ಮರವನ್ನು ಬಳಸಲು ಹಿಂಜರಿಯುವವರು ಈಗಲೂ ಉಂಟು. ಹೀಗಿರಲು, ಜನರು ಮುಳುಗಿ ಸತ್ತ ಹಡಗುಗಳ ಹಲಗೆಯಿಂದಲೇ ಕಟ್ಟಿದ ಒಂದು ಗುಡಿಸಲಿನ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡುವೆವು.

ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ, ಕಾರ್ನ್‌ವಾಲ್ ಸೀಮೆಯ ಉತ್ತರ ಕರಾವಳಿಯಲ್ಲಿ, ಮಾರ್ವೆನ್‌ಸ್ಟೋ ಎಂಬ ಹಳ್ಳಿಯುಂಟು. ಅಲ್ಲಿ ನೆಲವು ಕಡಿದಾದ ಬಂಡೆಗಳಾಗಿ ಅಟ್ಲಾಂಟಿಕ್ ಸಾಗರಕ್ಕೆ ಇಳಿಯುವುದು. ಬಿರುಗಾಳಿಗೆ ಸಿಕ್ಕ ಹಾಯಿಹಡಗಿಗೆ ಮರೆಯೆಂಬುದಿಲ್ಲ. 1834ರಲ್ಲಿ ರಾಬರ್ಟ್ ಸ್ಟೀಫನ್ ಹಾಕರ್ ಎಂಬ ಕವಿಯು ಈ ಊರಿಗೆ ಪಾದ್ರಿಯಾದನು. ಅಲೆಗಳು ತಂದೊಗೆದ ನಾವಿಕರ ಹೆಣಗಳನ್ನು ಆ ತೀರದಲ್ಲಿ ಹಿಂದೆ ಅನೇಕವೇಳೆ ಮರಳಿನಲ್ಲಿಯೇ ಹೂಳುತ್ತಿದ್ದರು, ಇಲ್ಲವೆ ಸಮುದ್ರದ ಪಾಲಿಗೆ ಬಿಡುತ್ತಿದ್ದರು. ಹಾಕರನು ಇದನ್ನು ಸಹಿಸಲಿಲ್ಲ. ತಾನೇ ಬಂಡೆಯಿಳಿದು, ಹೆಣಗಳನ್ನು ಮೇಲಕ್ಕೆ ಹೊತ್ತು ತಂದು, ಊರು ಹೆಸರು ತಿಳಿಯದವರಿಗೂ ಇಗರ್ಜಿಯ ಅಂಗಳದಲ್ಲಿ ವಿಧಿವತ್ತಾಗಿ ಸಂಸ್ಕಾರ ಮಾಡಿದನು.

1842ರ ಸೆಪ್ಟೆಂಬರಿನಲ್ಲಿ ಕ್ಯಾಲಿಡೋನಿಯಾ ಎಂಬ ಸ್ಕಾಟ್ಲೆಂಡಿನ ಹಡಗು ಅಲ್ಲಿ ಒಡೆಯಿತು. ಬದುಕಿ ಉಳಿದವನು ಒಬ್ಬನೇ. ಆ ಹಡಗಿನ ಮುಂತುದಿಯಲ್ಲಿದ್ದ, ಕತ್ತಿ ಗುರಾಣಿ ಹಿಡಿದ ಹೆಣ್ಣಿನ ಮರದ ಪ್ರತಿಮೆಯೇ ಸತ್ತವರ ಗೋರಿಗೆ ಗುರುತಾಯಿತು. ಮೂಲ ಪ್ರತಿಮೆಯು ಈಗ ಇಗರ್ಜಿಯೊಳಗಿದೆ. ಅಂಗಳದಲ್ಲಿರುವುದು ಅದರ ಪ್ರತಿರೂಪ.

ಇದೇ ಕ್ಯಾಲಿಡೋನಿಯಾ, ಅಲೋಂಜೋ ಮೊದಲಾದ ಹಡಗುಗಳ ಮರದಿಂದ ಹಾಕರನು ತನ್ನ ಗುಡಿಸಲನ್ನು ಕಟ್ಟಿದನೆಂದು ಹೇಳುವರು. ಬಂಡೆಯ ನೆತ್ತಿಯಿಂದ ತುಸು ಕೆಳಗೆ, ಇಳಿಜಾರನ್ನು ಅಗೆದು, ಹಲಗೆಯ ಗೋಡೆಯಿಟ್ಟು, ಮೇಲೆ ಹುಲ್ಲುಹೆಂಟೆಯನ್ನು ಹೊದಿಸಿದ್ದಾನೆ. ಒಳಗೆ ಕುಳಿತುಕೊಳ್ಳಲು ಹಲಗೆ, ಎದುರಿಗೆ ಬರಿಯ ಸಮುದ್ರ. ಅಲ್ಲಿ ಗಂಟೆಗಟ್ಟಲೆ ಕುಳಿತು ಕವಿತೆಗಳನ್ನೂ ಕಾಗದಗಳನ್ನೂ ಬರೆಯುತ್ತಿದ್ದನು. ಇಂತಹ ಮರದ ನಡುವೆ ಕುಳಿತು ಕಾವ್ಯ ಬರೆಯಲು ಮನಸ್ಸು ಹೇಗೆ ಬಂದೀತು ಎಂದು ಕೆಲವರು ಕೇಳಬಹುದು. ಹೆಣವನ್ನು ಹೊರಲು ಹೇಸದವನು ಹಲಗೆಗೆ ಹೇಸುವುದೆಂತು? ಆ ಮರದಲ್ಲಿ ಅವನು ಅಪಶಕುನವನ್ನು ಕಾಣಲಿಲ್ಲ. ತನಗೆ ಪರಿಚಯವಾದವರ ಆಸ್ತಿಯೆಂದು ಬಗೆದಿರಬೇಕೆಂದು ನಮ್ಮ ಎಣಿಕೆ.

ಹಾಕರನು 1875ರಲ್ಲಿ ತೀರಿಕೊಂಡನು. ಮರುವರ್ಷವೇ ಬೇರಿಂಗ್-ಗೂಲ್ಡ್ ಎಂಬವನು ಬರೆದ ಜೀವನಚರಿತ್ರೆಯಲ್ಲಿ ಅವನ ವಿಷಯವಾಗಿ ಬಗೆಬಗೆಯ ಕಥೆಗಳುಂಟು, ಎಲ್ಲವನ್ನೂ ನಂಬಲಾಗದು. ಗುಡಿಸಲಾದರೋ ನಿಂತೇ ಇದೆ. ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶದಲ್ಲಿರುವ ಕಟ್ಟಡಗಳಲ್ಲೆಲ್ಲ ಇದೇ ಅತಿ ಚಿಕ್ಕದಂತೆ. ಬಂದವರು ಹಲಗೆಗಳ ತುಂಬ ತಮ್ಮ ಹೆಸರುಗಳನ್ನು ಕೊರೆದಿರುವರು. ನಮಗಂತೂ ಇದು ಸರಿಬೀಳದು.