ಡಿಸ್ಕೌಂಟ್‌ನಲ್ಲಿ ಕೊಂಡ ವಸ್ತು, ಬಾಗಿಲು ಮುಚ್ಚಿದ ಅಂಗಡಿ: ವಾಪಸ್ ಕೊಡುವ ಹಕ್ಕು ಏನಾಗುತ್ತದೆ?

ಆಷಾಢ ಬಂತೆಂದರೆ ಬಟ್ಟೆ ಅಂಗಡಿಗಳ ಮುಂದೆ ‘ಶೇ. 50 ರಿಯಾಯಿತಿ’ ಬೋರ್ಡು ನೇತಾಡುತ್ತದೆ. ಅದೇ ಅಂಗಡಿಯ ಬಿಲ್ಲಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: ‘ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’. ಮನೆಗೆ ಬಂದು ಬಿಚ್ಚಿ ನೋಡಿದಾಗ ಸೀರೆಯಲ್ಲಿ ತೂತು ಕಂಡರೂ ಹೆಚ್ಚಿನವರು ಸುಮ್ಮನಾಗಿಬಿಡುತ್ತಾರೆ. ‘ಡಿಸ್ಕೌಂಟ್‌ನಲ್ಲಿ ತಂದಿದ್ದಲ್ಲವಾ, ಇನ್ನೇನು ಕೇಳೋದು?’ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ.

ಇದರ ಮೇಲೆ ಅಂಗಡಿಯೂ ಮುಚ್ಚಿದ್ದರೆ? 2020ರಲ್ಲಿ ಯುಗಾದಿ ಬಂದಿದ್ದು ಮಾರ್ಚ್ 25ರಂದು. ದೇಶವ್ಯಾಪಿ ಲಾಕ್‌ಡೌನ್ ಶುರುವಾಗಿದ್ದೂ ಅದೇ ದಿನ. ಹಬ್ಬಕ್ಕೆಂದು ಬಟ್ಟೆ ಕೊಂಡು ‘7 ದಿನದೊಳಗೆ ಬದಲಾಯಿಸಿಕೊಳ್ಳಿ’ ಎಂಬ ಬಿಲ್ ಹಿಡಿದವರಿಗೆ ಆ ಏಳೂ ದಿನ ಅಂಗಡಿಯ ಶಟರ್ ತೆರೆಯಲೇ ಇಲ್ಲ. ಲಾಕ್‌ಡೌನ್ ಮುಗಿದರೂ ಪ್ರಶ್ನೆ ಉಳಿದಿದೆ. ಬಂದ್, ಹಬ್ಬದ ಸಾಲು ರಜೆ, ಕಲ್ಯಾಣ ಮಂಟಪದಲ್ಲಿ ಮೂರು ದಿನ ನಡೆದು ಗಂಟು ಮೂಟೆ ಕಟ್ಟುವ ಸೇಲ್, ಎಲ್ಲ ಕಡೆಯೂ ಇದೇ ಪೇಚು.

ಮೊದಲು ಕಾರಣ ಬೇರೆ ಮಾಡಿಕೊಳ್ಳಿ

ಉತ್ತರವೆಲ್ಲ ಒಂದೇ ವಿಷಯದ ಮೇಲೆ ನಿಂತಿದೆ: ನೀವು ಯಾಕೆ ವಾಪಸ್ ಕೊಡುತ್ತಿದ್ದೀರಿ?

ಬಣ್ಣ ಇಷ್ಟವಾಗಲಿಲ್ಲ, ಅಳತೆ ಸರಿಹೋಗಲಿಲ್ಲ, ಮನಸ್ಸು ಬದಲಾಯಿತು ಎಂದಾದರೆ, ಅಂಗಡಿಗೆ ಹೋಗಿ ಕೊಂಡ ವಸ್ತುವನ್ನು ಮರಳಿಸುವ ಹಕ್ಕನ್ನು ಭಾರತದ ಕಾನೂನು ಕೊಟ್ಟಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಇರುವ 14 ದಿನದ ಹಕ್ಕು ಕೂಡ ಮುಖ್ಯವಾಗಿ ಆನ್‌ಲೈನ್ ಮತ್ತು ದೂರದಿಂದ ನಡೆಯುವ ಖರೀದಿಗೆ. ಅಂಗಡಿಯಲ್ಲೇ ನೋಡಿ ಕೊಂಡಿದ್ದಕ್ಕಲ್ಲ. ಇಂಥ ಬದಲಾವಣೆಯನ್ನು ಅಂಗಡಿ ತಾನಾಗಿ ಕೊಡುವ ಸೌಲಭ್ಯ ಎನ್ನಬಹುದು. ಅದಕ್ಕೆ ದಿನದ ಮಿತಿ ಹಾಕುವುದೂ, ರಿಯಾಯಿತಿ ಸರಕಿಗೆ ಅದು ಇಲ್ಲ ಎನ್ನುವುದೂ ಅಂಗಡಿಗೆ ಬಿಟ್ಟಿದ್ದು.

ವಸ್ತುವಿನಲ್ಲೇ ದೋಷವಿದ್ದರೆ ಕಥೆ ಬೇರೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ‘ಅನುಚಿತ ವ್ಯಾಪಾರ ಪದ್ಧತಿ’. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿಯೊಳಗೆ, ಏನೂ ಬರೆಯದಿದ್ದರೆ 30 ದಿನದೊಳಗೆ ಅಂಗಡಿ ಇದನ್ನು ಮಾಡಬೇಕು. ಬಿಲ್ ಕೊಡದಿರುವುದೂ ಇದೇ ಪಟ್ಟಿಯಲ್ಲಿದೆ.

ಕಡಿಮೆ ಬೆಲೆ ಎಂದರೆ ಕಡಿಮೆ ಹಕ್ಕೇ?

ಅಲ್ಲ. ಪೂರ್ತಿ ಬೆಲೆಗೆ ಕೊಂಡವರಿಗೆ ಒಂದು, ರಿಯಾಯಿತಿಯಲ್ಲಿ ಕೊಂಡವರಿಗೆ ಇನ್ನೊಂದು ಎಂದು ಕಾಯ್ದೆ ಎಲ್ಲೂ ಭೇದ ಮಾಡಿಲ್ಲ. ವ್ಯತ್ಯಾಸ ಮೊತ್ತದಲ್ಲಿ ಮಾತ್ರ: 2,000 ರೂಪಾಯಿಯ ಶರ್ಟನ್ನು 1,000ಕ್ಕೆ ಕೊಂಡಿದ್ದರೆ ನೀವು ಕೇಳಬಹುದಾದದ್ದು ಕೊಟ್ಟ 1,000 ರೂಪಾಯಿ.

ಆದರೆ ಒಂದು ವಿನಾಯಿತಿ ಗೊತ್ತಿರಲಿ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಕೊಳ್ಳುವ ಮೊದಲು ನೀವು ವಸ್ತುವನ್ನು ಪರೀಕ್ಷಿಸಿದ್ದರೆ, ಹಾಗೆ ನೋಡಿದಾಗ ಕಾಣಲೇಬೇಕಿದ್ದ ದೋಷಕ್ಕೆ ಆಮೇಲೆ ತಕರಾರು ಎತ್ತಲಾಗದು. ‘ಕಾಲರ್ ಹತ್ತಿರ ಕಲೆ ಇದೆ, ಅದಕ್ಕೇ ಅರ್ಧ ಬೆಲೆ’ ಎಂದು ತೋರಿಸಿ ಮಾರಿದ್ದರೆ ಅದೇ ಕಲೆಗೆ ಹಣ ವಾಪಸ್ ಕೇಳುವುದು ಕಷ್ಟ. ಅದೇ ಶರ್ಟಿನ ಹೊಲಿಗೆ ಮೊದಲ ಒಗೆತಕ್ಕೇ ಬಿಚ್ಚಿಕೊಂಡರೆ ಕೇಳಬಹುದು. ಹೇಳಿ ಮಾರಿದ ದೋಷ ಬೇರೆ, ಒಳಗೆ ಅಡಗಿದ್ದ ದೋಷ ಬೇರೆ.

ಅಂಗಡಿ ಮುಚ್ಚಿದ್ದರೆ ದಿನ ಎಣಿಕೆ ನಿಲ್ಲುತ್ತದೆಯೇ?

‘ಕೊನೆಯ ದಿನ ರಜೆಯಾದರೆ ಮರುದಿನ ಕೊಡಬಹುದು’ ಎಂಬ ಮಾತು ಕೇಳಿರುತ್ತೀರಿ. ಈ ನಿಯಮ ಇರುವುದು ನಿಜ. ಆದರೆ ಅದು ನ್ಯಾಯಾಲಯ ಮತ್ತು ಸರ್ಕಾರಿ ಕಚೇರಿಗಳಲ್ಲಿ ಕಾನೂನಿನಡಿ ನಡೆಯಬೇಕಾದ ಕೆಲಸಗಳಿಗೆ. 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಕಾಲಮಿತಿಯನ್ನು ವಿಸ್ತರಿಸಿದ್ದೂ ದಾವೆ, ಮೇಲ್ಮನವಿ, ಅರ್ಜಿಗಳಿಗೇ. ಬಟ್ಟೆ ಅಂಗಡಿಯ ‘7 ದಿನದ ಎಕ್ಸ್‌ಚೇಂಜ್’ ಅದರಲ್ಲಿ ಸೇರುವುದಿಲ್ಲ. ಆ ಸಮಯದಲ್ಲಿ ಎಷ್ಟೋ ಅಂಗಡಿಗಳು ಅವಧಿಯನ್ನು ತಾವಾಗಿಯೇ ಹೆಚ್ಚಿಸಿದವು. ಹಾಗೆ ಹೆಚ್ಚಿಸಿರುವುದಾಗಿ ಪ್ರಕಟಿಸಿದ ಮೇಲೆ ಆ ಮಾತಿಗೆ ನಡೆದುಕೊಳ್ಳಿ ಎಂದು ಒತ್ತಾಯಿಸಬಹುದು.

ದೋಷದ ವಿಷಯದಲ್ಲಿ ನಿಮ್ಮ ನೆರವಿಗೆ ಬರುವುದು ಮತ್ತೆ ಅದೇ ಹಳೆಯ 1930ರ ಕಾಯ್ದೆ. ಒಪ್ಪದಿರುವ ಹಕ್ಕು ಇರುವ ಸರಕನ್ನು ಕೊಂಡವರು ಹೊತ್ತುಕೊಂಡು ಹೋಗಿ ಅಂಗಡಿಗೆ ಮುಟ್ಟಿಸಲೇಬೇಕೆಂದಿಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ, ‘ಇದನ್ನು ನಾನು ಒಪ್ಪುವುದಿಲ್ಲ’ ಎಂದು ಮಾರಿದವರಿಗೆ ತಿಳಿಸಿದರೆ ಸಾಕು ಎನ್ನುತ್ತದೆ 43ನೇ ಸೆಕ್ಷನ್. ಅದರ ಹಿಂದಿನ 42ನೇ ಸೆಕ್ಷನ್ ಎಚ್ಚರಿಕೆಯನ್ನೂ ಕೊಡುತ್ತದೆ: ತಕ್ಕಷ್ಟು ಸಮಯ ಕಳೆದರೂ ಏನೂ ತಿಳಿಸದೆ ಇಟ್ಟುಕೊಂಡರೆ ನೀವು ಸರಕನ್ನು ಒಪ್ಪಿದಿರಿ ಎಂದೇ ಅರ್ಥ.

ಅಂದರೆ ಶಟರ್ ಮುಚ್ಚಿರುವುದು ದೊಡ್ಡ ಅಡ್ಡಿಯಲ್ಲ, ನೀವು ಸುಮ್ಮನಿರುವುದು ದೊಡ್ಡ ಅಡ್ಡಿ. ಬಿಲ್ಲಿನಲ್ಲಿರುವ ವಾಟ್ಸಾಪ್ ನಂಬರಿಗೋ ಇಮೇಲಿಗೋ ದೋಷದ ಫೋಟೊ, ಬಿಲ್ಲಿನ ಫೋಟೊ, ಒಂದೆರಡು ಸಾಲು ಕಳಿಸಿದರೆ ತಾರೀಖು ತಾನಾಗಿಯೇ ದಾಖಲಾಗುತ್ತದೆ. ಎರಡೂ ಇಲ್ಲದಿದ್ದರೆ ಬಿಲ್ಲಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ. ಫೋನಿನಲ್ಲಿ ಹೇಳಿದರಷ್ಟೇ ಸಾಲದು, ಆಮೇಲೆ ‘ಹೇಳಿಯೇ ಇಲ್ಲ’ ಎಂದರೆ ತೋರಿಸಲು ಏನೂ ಇರುವುದಿಲ್ಲ. ಸಂದೇಶ ಕಳಿಸಿದ ಮೇಲೆ ಆ ವಸ್ತುವನ್ನು ಬಳಸಬೇಡಿ.

ಅಂಗಡಿಯೇ ಕಾಣೆಯಾಗಿದ್ದರೆ

ಮೂರು ದಿನದ ಸೇಲ್‌ಗಳಲ್ಲಿ ಬಿಲ್ ಕೇಳಿ ಪಡೆಯುವುದು ಇನ್ನೂ ಮುಖ್ಯ. ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ವ್ಯಾಪಾರಿಯ ಹೆಸರು, ಮುಖ್ಯ ವ್ಯವಹಾರ ಸ್ಥಳ ಸಿಗುತ್ತವೆ. ಬಿಲ್ಲೇ ಇಲ್ಲದಿದ್ದರೆ ಯುಪಿಐ ಪಾವತಿಯ ದಾಖಲೆಯಾದರೂ ಇಟ್ಟುಕೊಳ್ಳಿ.

ಆನ್‌ಲೈನ್ ಸೇಲ್‌ಗೆ 2020ರ ಇ-ಕಾಮರ್ಸ್ ನಿಯಮಗಳಿವೆ. ದೋಷವಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದಿದ್ದರೆ ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ‘ಸೇಲ್ ಐಟಂ, ರಿಟರ್ನ್ ಇಲ್ಲ’ ಎಂಬ ಷರತ್ತು ಇದನ್ನು ತಪ್ಪಿಸಲಾರದು.

ದೋಷವಿದ್ದರೂ ‘ಹಣ ಕೊಡಲ್ಲ, ಕ್ರೆಡಿಟ್ ನೋಟ್ ತಗೊಳ್ಳಿ’ ಎನ್ನುವುದು ಇನ್ನೊಂದು ರೂಢಿ. ನಿಮಗೆ ಒಪ್ಪಿಗೆಯಾದರೆ ತೆಗೆದುಕೊಳ್ಳಬಹುದು. ಆದರೆ ಕಾಯ್ದೆ ಹೇಳುವುದು ಕೊಟ್ಟ ಹಣವನ್ನು ಮರಳಿಸಬೇಕೆಂದು. ಬಾಗಿಲು ತೆರೆಯುವುದೇ ಅನುಮಾನವಿರುವ ಅಂಗಡಿಯ ಕ್ರೆಡಿಟ್ ನೋಟ್‌ಗೆ ಕಾಗದದಷ್ಟೇ ಬೆಲೆ.

ದೂರು ಕೊಡುವುದು ಎಲ್ಲಿ?

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಬೆಂಗಳೂರಿನಲ್ಲಿ ಕೊಂಡ ಮಿಕ್ಸಿಗೆ ಹಾಸನದಲ್ಲಿ ದೂರು ಹಾಕಲು ಅಡ್ಡಿಯಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಆಯೋಗದ ತೀರ್ಮಾನಕ್ಕೆ ಕಾಯ್ದೆ ಇಟ್ಟಿರುವ ಗುರಿ 3 ತಿಂಗಳು, ಪರೀಕ್ಷೆ ಬೇಕಾದರೆ 5 ತಿಂಗಳು. ನಿಜದಲ್ಲಿ ಇನ್ನೂ ತಡವಾಗುವುದುಂಟು. 600 ರೂಪಾಯಿಯ ಅಂಗಿಗೆ ಅಷ್ಟು ಓಡಾಟ ಬೇಕೇ ಎಂಬುದು ನಿಮ್ಮ ಲೆಕ್ಕಾಚಾರ. ಆದರೆ ಲೆಕ್ಕ ಹಾಕುವ ಆ ಅವಕಾಶ ಉಳಿಯಬೇಕಾದರೆ ದೋಷ ಕಂಡ ದಿನವೇ ಬರೆದು ತಿಳಿಸಿರಬೇಕು. ಅದಕ್ಕೆ ಅಂಗಡಿ ತೆರೆದಿರಬೇಕಾಗಿಲ್ಲ.