ಹೋದದ್ದು ಕಲಂ ಸಂಖ್ಯೆ, ಕಾನೂನಲ್ಲ



ನಮ್ಮ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದರೂ ಒಬ್ಬ ಸದಸ್ಯೆ ಏಳದೆ ಕುಳಿತೇ ಇದ್ದಳು. ಮದುವೆಯಾಗಿ ಇನ್ನೂ ಒಂದು ವರ್ಷ. ಬೈಕಿಗೆ ತವರಿನಿಂದ ಹಣ ತಾ ಎಂದು ಗಂಡನ ಮನೆಯಲ್ಲಿ ಹೊಡೆತ. ದೂರು ಕೊಡಮ್ಮಾ ಎಂದರೆ ಮೊಬೈಲ್ ತೆಗೆದು ತೋರಿಸಿದಳು: “498ಎ ರದ್ದಾಗಿದೆ, ಇನ್ನು ಗಂಡನ ಮೇಲೆ ಕೇಸಿಲ್ಲ.” ಕಳಿಸಿದವನು ಅವಳ ಮೈದುನ!

ಪೂರಾ ಸುಳ್ಳಾಗಿದ್ದರೆ ಬಿಡಿಸಿ ಹೇಳುವುದು ಸುಲಭವಿತ್ತು. ಇದು ಅರ್ಧ ನಿಜ. ವರದಕ್ಷಿಣೆ ಸಾವುಗಳ ವಿರುದ್ಧ ಹೆಂಗಸರು ಬೀದಿಗಿಳಿದ ಮೇಲೆ, 1983ರಲ್ಲಿ, ಭಾರತೀಯ ದಂಡ ಸಂಹಿತೆಗೆ 498ಎ ಸೇರಿತು. 2024ರ ಜುಲೈ 1ರಂದು ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಸಂಖ್ಯೆ ಹೋಯಿತು, ಅಪರಾಧ ಹೋಗಲಿಲ್ಲ. ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯ ಈಗ 85 ಮತ್ತು 86ನೇ ಕಲಂಗಳಲ್ಲಿದೆ. ಶಿಕ್ಷೆಯೂ ಮೊದಲಿನದೇ: ಮೂರು ವರ್ಷದವರೆಗೆ ಸೆರೆ, ಜೊತೆಗೆ ದಂಡ. ವರದಕ್ಷಿಣೆ ಸಾವಿನ 304ಬಿ ಈಗ 80. ಆ ತಾರೀಖಿಗೆ ಮುಂಚೆ ನಡೆದದ್ದಕ್ಕೆ ಹಳೆಯ ಕಲಮೇ ಅನ್ವಯ. 1961ರ ವರದಕ್ಷಿಣೆ ನಿಷೇಧ ಕಾಯ್ದೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದ್ದಲ್ಲೇ ಇವೆ.

ಅವಳನ್ನು ಗದರಿಸಲು ನನಗೆ ಬಾಯಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಒಂಟಿ ಹೆಂಗಸರನ್ನು ಪೊಲೀಸರೇ ಉಚಿತವಾಗಿ ಮನೆಗೆ ಬಿಡುತ್ತಾರೆಂಬ ಸಂದೇಶ 2019ರ ಕೊನೆಗೆ ಬಂದಾಗ, ಎಂ.ಎ. ಓದಿ ಪಾಠ ಹೇಳಿದ ನಾನೇ ಅದನ್ನು ಸಿಕ್ಕವರಿಗೆಲ್ಲ ಕಳಿಸಿದ್ದೆ. ಅದು ಪಂಜಾಬಿನ ಲೂಧಿಯಾನ ಪೊಲೀಸರ ಏರ್ಪಾಡು. ಊರಿನ ಹೆಸರು ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ನಮ್ಮೂರಿನ ಹುಡುಗಿಯೊಬ್ಬಳು ಕತ್ತಲಲ್ಲಿ ಆ ನಂಬರು ಒತ್ತುತ್ತ ನಿಂತಿದ್ದರೆ? ನೆನೆದರೆ ಇಂದಿಗೂ ನಾಚಿಕೆ.

ಹಾಗಾಗಿ ಈಗ ನಾನು ಮೊದಲು ಹುಡುಕುವುದು ಉದುರಿಹೋದದ್ದನ್ನು. ಯಾವ ತಾರೀಖು? ಯಾವ ಊರು? ಯಾವ ಕೋರ್ಟು, ಅದು ನಿಜಕ್ಕೂ ಹೇಳಿದ್ದೇನು? ದೂರು ಬಂದೊಡನೆ ಕಾರಣ ನೋಡದೆ ಬಂಧಿಸಬೇಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನ್ನ ಮೊಬೈಲಿಗೆ ಅದು ಬಂದದ್ದು “ಬಂಧಿಸುವಂತೆಯೇ ಇಲ್ಲ” ಎಂದಾಗಿ. ಸಂದೇಶದ ತಲೆಯ ಮೇಲಿನ ಜೋಡಿ ಬಾಣ ಅದು ಹಲವು ಕೈ ದಾಟಿದೆ ಎನ್ನುತ್ತದೆ, ಅಷ್ಟೇ. ಮನೆಯವರೇ ಕಳಿಸಿದ್ದಾದರೂ ಬರೆದವರು ಅವರಲ್ಲ. ಇದನ್ನು ನಾನು ನಂಬಿ ಸುಮ್ಮನಾದರೆ ಯಾರಿಗೆ ಅನುಕೂಲ ಎಂದೂ ಕೇಳಿಕೊಳ್ಳುತ್ತೇನೆ. ಮೈದುನನ ವಿಷಯದಲ್ಲಿ ಉತ್ತರಕ್ಕೆ ತಡವಾಗಲಿಲ್ಲ.

ಕಾಯ್ದೆಯ ಮೂಲ ಪಾಠ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿದೆ. ಕಾಯ್ದೆಯ ಇಂಗ್ಲಿಷು ನಮ್ಮಲ್ಲಿ ಎಷ್ಟು ಜನರಿಗೆ ಅರ್ಥವಾದೀತು? ಅದಕ್ಕೇ 15100ಕ್ಕೆ ಫೋನು ಮಾಡಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು 1987ರ ಕಾಯ್ದೆ ಕೊಟ್ಟ ಹಕ್ಕು. ಏಟು ಬೀಳುತ್ತಿರುವಾಗ 112 ಅಥವಾ 181.

ಅಂದು ಸಭೆಯಲ್ಲೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟೆವು. ಸೋಮವಾರ ನಾವು ನಾಲ್ವರು ಅವಳ ಜೊತೆ ಠಾಣೆಗೆ ಹೋದೆವು. ದೂರಿನಲ್ಲಿ ಕಲಂ 85 ಎಂದು ಅವಳೇ ಹೇಳಿ ಬರೆಸಿದಳು.