ದೀಪ ಹತ್ತಿದರೆ ಸಾಲದು



ಹೋದ ಬೇಸಿಗೆಯಲ್ಲಿ ಕಾಸಾರಶಿರಸಿಯ ನಮ್ಮ ಓಣಿಯ ಒಂದು ಮನೆಗೆ ಬರುವ ನ್ಯೂಟ್ರಲ್ ತಂತಿ ಕಂಬದ ಬಳಿ ಕಡಿದುಹೋಯಿತು. ಲೈನ್‌ಮನ್ ಬರುವ ತನಕ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಬಚ್ಚಲ ಪಕ್ಕದಲ್ಲಿ ಕಬ್ಬಿಣದ ಸಲಾಕೆ ಬಡಿದು, ತಂತಿ ಸುತ್ತಿ, ನೀರು ಹೊಯ್ದರು. ದೀಪ ಹತ್ತಿತು. ಮೂರನೆಯ ದಿನ ಅರಿವೆ ಒಗೆಯಲು ಕೂತ ತಾಯಿಯ ಒದ್ದೆ ಕೈ ಆ ಸಲಾಕೆಗೆ ತಾಗಿ, ಆಕೆ ಬಿದ್ದಳು. ಪುಣ್ಯಕ್ಕೆ ಜೀವ ಉಳಿಯಿತು.

ನ್ಯೂಟ್ರಲ್ಲೂ ಅರ್ಥೂ ಒಂದೇ ಅಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಒಂದೇ ಅಲ್ಲ. ಫೇಸಿನಿಂದ ಬಂದ ಕರೆಂಟು ಕೆಲಸ ಮುಗಿಸಿ ಹಿಂದಿರುಗುವ ದಾರಿ ನ್ಯೂಟ್ರಲ್. ಅರ್ಥ್ ತಂತಿಯಲ್ಲಿ ಎಂದಿನಂತೆ ಏನೂ ಹರಿಯಬಾರದು. ಇಸ್ತ್ರಿಪೆಟ್ಟಿಗೆಯ ಒಳತಂತಿ ಕೆಟ್ಟು ತಗಡಿಗೆ ತಾಗಿದ ಗಳಿಗೆಗಾಗಿ ಅದು ಕಾದು ನಿಂತ ಕಾವಲುಗಾರ. ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲನ್ನು ನೆಲಕ್ಕೆ ಜೋಡಿಸಿರುತ್ತಾರೆ. ಅದಕ್ಕೇ ಸಲಾಕೆ ಬಡಿದರೂ ದೀಪ ಹತ್ತುತ್ತದೆ. ಆದರೆ ಮಣ್ಣು ಒಣಗಿದಷ್ಟೂ, ಫ್ಯಾನು ಇಸ್ತ್ರಿ ಹೆಚ್ಚಿದಷ್ಟೂ ಸಲಾಕೆಯ ಮೇಲೆ ವೋಲ್ಟೇಜು ಏರುತ್ತದೆ. ತಂತಿ ಸಲಾಕೆಯಿಂದ ಕಳಚಿದರೆ ಅದರ ತುದಿಯಲ್ಲಿ ಪೂರ್ತಿ 230 ವೋಲ್ಟ್ ನಿಲ್ಲುತ್ತದೆ.

ಇನ್ನೊಂದು ಕಳ್ಳದಾರಿಯಿದೆ. ಅರ್ಥ್ ತಂತಿ ಎಳೆಯುವ ಖರ್ಚು ಉಳಿಸಲು ಸಾಕೆಟ್ಟಿನೊಳಗೆ ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಜೋಡಿಸುತ್ತಾರೆ. ಮುಂದೆ ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ಆ ಮನೆಯ ಇಸ್ತ್ರಿ, ಕೂಲರು, ಗ್ರೈಂಡರು ಎಲ್ಲದರ ಮೈಮೇಲೂ ಕರೆಂಟು ಬರುತ್ತದೆ.

ಬರೇ ಸಲಾಕೆ ಬಡಿದ ಅರ್ಥ್ ಸಾಕೇ? ಲೆಕ್ಕ ಹಾಕಿರಿ. ಒಣನೆಲದಲ್ಲಿ ಅದರ ತಡೆ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 15 ಆಂಪಿಯರ್ ಫ್ಯೂಸ್ ಕರಗುವುದಿಲ್ಲ. ತಗಡಿನಲ್ಲಿ ಕರೆಂಟು ಕಾದು ಕೂತಿರುತ್ತದೆ. ಮನುಷ್ಯನ ಎದೆಗೆ ಆಂಪಿಯರಿನ ಸಾವಿರದ ಕೆಲವು ಹತ್ತು ಭಾಗವೇ ಅಪಾಯ. ಆದುದರಿಂದ ಇದ್ದಲು, ಉಪ್ಪು ಹಾಕಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯಬೇಕು. ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಬೇಕು. ಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ ಲೆಕ್ಕ ತಾಳೆಯಾಗದಿದ್ದರೆ ಅದು ಕ್ಷಣದಲ್ಲಿ ಮನೆಯ ಕರೆಂಟು ಕಡಿಯುತ್ತದೆ.

ನಮ್ಮದು ಬೇಸಿಗೆಗೆ ಬಿರುಕು ಬಿಡುವ ಕರಿಮಣ್ಣು. ಎಸ್ಟೇಟಿನ ಲೈನ್ ಮನೆಗಳಲ್ಲಿರುವ ನಿಮ್ಮದು ಮಳೆಯ ಸೀಮೆ. ಅಲ್ಲಿ ಒದ್ದೆ ನೆಲ, ಬರಿಗಾಲು, ಗೋಡೆಯ ಮೇಲೆ ನೀರು. ಮೈಯ ಮೂಲಕ ಕರೆಂಟು ಇನ್ನೂ ಸುಲಭವಾಗಿ ಇಳಿಯುತ್ತದೆ. ನೆಲ ಬೇರೆಯಾದರೂ ಅಪಾಯ ಒಂದೇ.

1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯ ಭೂಕಂಪವಾದ ಮೇಲೆ ನಮ್ಮ ಸೀಮೆಯ ಜನ ಗೋಡೆಯ ಬಣ್ಣ ನೋಡುವ ಮೊದಲು ಅಡಿಪಾಯ ಕೇಳಲು ಕಲಿತರು. ಅರ್ಥಿಂಗೂ ಹಾಗೆಯೇ. ಕಣ್ಣಿಗೆ ಕಾಣುವುದಿಲ್ಲ, ಕೇಳದೆ ಸಿಗುವುದೂ ಇಲ್ಲ.

ಎಸ್ಟೇಟ್ ಕಾರ್ಮಿಕರಿಗೆ ಮನೆ ಕೊಟ್ಟು ಅದನ್ನು ಸುಸ್ಥಿತಿಯಲ್ಲಿಡುವುದು ಮಾಲೀಕರ ಹೊಣೆಯೆಂದು 1951ರ ಪ್ಲಾಂಟೇಶನ್ ಕಾಯಿದೆಯೇ ಹೇಳಿತ್ತು. ಸುಸ್ಥಿತಿ ಎಂದರೆ ಹೆಂಚು, ಸುಣ್ಣ ಮಾತ್ರವಲ್ಲ. ಮನೆಮನೆಗೂ ಹಸಿರು ಅರ್ಥ್ ತಂತಿ ಬಂದಿದೆಯೇ, ಸ್ವಿಚ್ಚು ಫೇಸಿನ ಮೇಲಿದೆಯೇ, ಆರ್.ಸಿ.ಸಿ.ಬಿ. ಇದೆಯೇ — ಸಂಘದ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಈ ಮೂರನ್ನೂ ಬರೆಯಿಸಿರಿ. ನ್ಯೂಟ್ರಲ್ ಕಡಿದರೆ ಮೇನ್ ಸ್ವಿಚ್ಚು ಆರಿಸಿ, ಲೈನ್‌ಮನ್ ಬರುವ ತನಕ ಕಂದೀಲು ಹಚ್ಚಿರಿ. ಒಂದು ರಾತ್ರಿಯ ಕತ್ತಲೆಯಿಂದ ಯಾರ ಮನೆಯೂ ಹಾಳಾಗಿಲ್ಲ.